ಸಿಕ್ಕವನ ಹೆಸರು

ಮಿನೆಯೊ, ಮಾರ್ಚ್ ೧೯೬೮

ಪ್ರೀತಿಯ ಅಕ್ಕಾ,

ನಮ್ಮ ಟ್ರೊವಾಟೊ ಮನೆತನದ ಮೂಲ ಇಲ್ಲಿ, ಅಜ್ಜನ ಊರಿನ ಇಗರ್ಜಿಯ ದಾಖಲೆಯಲ್ಲಿ ಸಿಕ್ಕಿತು. ಅಜ್ಜ ರಾಜವಂಶದವನು ಎಂದು ಅಪ್ಪ ಹೇಳುತ್ತಿದ್ದದ್ದು ನಿಜವಲ್ಲ. ಹುಟ್ಟಿದ ದಿನವೇ ಅವನನ್ನು ಯಾರೋ ಸನ್ಯಾಸಿನಿಯರ ಮಠದ ಬಾಗಿಲಲ್ಲಿ ಬಿಟ್ಟುಹೋಗಿದ್ದರು.

“ಟ್ರೊವಾಟೊಗಳು ಇಲ್ಲಿ ಬೇಕಾದಷ್ಟಿದಾರಮ್ಮ, ಒಬ್ಬರಿಗೊಬ್ಬರು ನೆಂಟರೇ ಅಲ್ಲ. ಬಿಟ್ಟುಹೋದ ಕೂಸಿಗೆಲ್ಲ ‘ಸಿಕ್ಕವನು’ ಅಂತ ಅದೇ ಹೆಸರು ಇಡ್ತಿದ್ರು,” ಎಂದರು ಮುದಿ ಪಾದ್ರಿ. ನನ್ನ ಮುಖ ನೋಡಿ, ಕೆಳಗಿನ ಸಾಲಿಗೆ ಬೆರಳಿಟ್ಟು ಓದಿದರು: “ಹಾಲೂಡಿಸಲು ಬಂದ ವಿಧವೆ ಆಗ್ರಿಪ್ಪೀನಾ ಮಗುವನ್ನು ಮಠಕ್ಕೆ ಹಿಂದಿರುಗಿಸಲು ಒಪ್ಪಲಿಲ್ಲ. ತಾನೇ ಸಾಕಿಕೊಂಡಳು.”

ಅವಳ ಗೋರಿ ಹುಡುಕಿದೆ. ಬಡವರನ್ನು ಹೂಳುವ ಮೂಲೆಯಲ್ಲಿ ಗುರುತೇ ಉಳಿದಿಲ್ಲ.

ನನ್ನ ಮಂಡಿನೋವು ಪರವಾಗಿಲ್ಲ. ಬಸ್ಸು ಬಂತು. ಅಪ್ಪನ ಗೋರಿಕಲ್ಲು ಕೆತ್ತುವವನಿಗೆ ತಡೆಯಲು ಹೇಳು. ಅಪ್ಪನ ಹೆಸರಿಗಿಂತ ಮೇಲೆ ಆಗ್ರಿಪ್ಪೀನಾಳ ಹೆಸರು ಬರಬೇಕು.

ನಿನ್ನ ಸಾರಿನಾ