ಹದಿನಾಲ್ಕನೆಯ ಪುಸ್ತಕ

ಕಾಕುಪೆ,
ಆಗಸ್ಟ್ ೧೨, ಮಂಗಳವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಅದನ್ನೂ ಬೆಕ್ಕಿಗೆ ಹಾಸಿಕೊಟ್ಟೆಯಾ? ನಾನು ಚೆನ್ನಾಗಿದ್ದೇನೆ, ಸಿಸ್ಟರುಗಳು ಸುಡುವ ಚೀಪಾ ರೊಟ್ಟಿ ಮಾತ್ರ ಹಲ್ಲಿಗೆ ಪರೀಕ್ಷೆ. ಶಾಲೆಗಳಿಗೆ ಇಂಗ್ಲಿಷ್ ಪಠ್ಯಪುಸ್ತಕ ಆರಿಸಬೇಕಾದ ನಮ್ಮ ಐವರನ್ನು ಈ ಮಠದಲ್ಲಿ ಕೂಡಿಹಾಕಿ ಆರು ದಿನವಾಯಿತು. ಫೋನು ಬಾಗಿಲಲ್ಲೇ ಕಿತ್ತುಕೊಂಡರು, ಗೇಟಿಗೆ ಬೀಗ. ಶನಿವಾರ ಆಯ್ದ ಪುಸ್ತಕಗಳ ಪಟ್ಟಿ ಹೊರಟಮೇಲೇ ನಾನೂ ಈ ಕಾಗದವೂ ಹೊರಗೆ.

ಪುಸ್ತಕಗಳ ಮೇಲೆ ಬರೆದವರ ಹೆಸರಿಲ್ಲ, ಬರೀ ಸಂಖ್ಯೆ. ಒಂದರಲ್ಲಿ ಮಕ್ಕಳೆಲ್ಲ ಹಿಮದಲ್ಲಿ ಆಡುತ್ತಾರೆ; ನಮ್ಮ ಮಕ್ಕಳು ಅದನ್ನು ಮರಗೆಣಸಿನ ಹಿಟ್ಟು ಅಂದುಕೊಂಡಾರು. ಆಮೇಲೆ ಹದಿನಾಲ್ಕನೆಯದು ಬಂತು. ಅದರಲ್ಲಿ ಹೊರದೇಶದ ಎಂಜಿನಿಯರ್, ಒಂದೇ ಬಟ್ಟಲಲ್ಲಿ ಎಲ್ಲರಿಗೂ ಸುತ್ತು ಬರುವ ತಣ್ಣನೆಯ ತೆರೆರೆ ಕುಡಿಯಲು ಕೂರುತ್ತಾನೆ, ಮೊದಲ ಬಟ್ಟಲಿಗೇ ಥ್ಯಾಂಕ್ಸ್ ಅನ್ನುತ್ತಾನೆ. ನಮ್ಮಲ್ಲಿ ಹಾಗಂದರೆ ಇನ್ನು ಬೇಡ ಅಂತಲ್ಲವೇ, ಸಾಕಂತೆ ಎಂದು ಮನೆಯವರು ಅವನನ್ನು ಬಿಟ್ಟು ಸುತ್ತು ಮುಂದುವರಿಸುತ್ತಾರೆ. ಪಾಪ, ಬಾಯಾರಿ ಕೂತೇ ಇರುತ್ತಾನೆ. ಅದು ನಮ್ಮ ಜಗಲಿ. "ಯಾಕೋ ಮಾರಾಯ, ಇಷ್ಟು ಬೇಗ ಹೊಟ್ಟೆ ತುಂಬ್ತಾ?" ಅಂತ ಅವನನ್ನು ಕೇಳಿದವನು ನೀನು. ಪುಸ್ತಕ ಬರೆಯುತ್ತಿದ್ದೀಯೆಂದು ನನಗಾದರೂ ಹೇಳಬಾರದಿತ್ತೇ!

ಆಯ್ಕೆಯ ಮುಖ್ಯಸ್ಥೆ ಡೊನ್ಯಾ ಗ್ರೇಗೋರಿಯಾ ಮೊದಲ ದಿನವೇ ಹೇಳಿದ್ದಳು: "ಬರ್ದೋರು ಯಾರೂಂತ ಗೊತ್ತಾದ್ರೆ ಬಾಯಿ ಬಿಡಿ. ಆ ಪುಸ್ತಕ ಅಲ್ಲಿಗೇ ಔಟು." ಮುಂದಿನ ಆಯ್ಕೆ ಐದು ವರ್ಷಕ್ಕೆ. ನಿನಗೀಗಲೇ ಎಪ್ಪತ್ತೊಂಬತ್ತು. ಬಾಯಿಬಿಟ್ಟರೆ ಪುಸ್ತಕ ಮೂಲೆ ಸೇರುತ್ತದೆ, ಬಿಡದಿದ್ದರೆ ನಾನೇ ತೀರ್ಮಾನಿಸಬೇಕು. ಉಳಿದವರಲ್ಲಿ ಇಬ್ಬರು ಹೌದು ಅಂದಿದ್ದಾರೆ, ಇಬ್ಬರು ಬೇಡ. ಈಗ ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಎದ್ದು ಓಡೋಣವೆಂದರೆ ಗೇಟಿನ ಕೀಲಿಯೂ ಡೊನ್ಯಾಳ ಕೊರಳಲ್ಲಿ.

ನಿನ್ನ ಕಥೆಗಳು ಚಿನ್ನ, ಅಪ್ಪಾ. ಆದರೆ ಸಂಭಾಷಣೆ! ಸಮಯ ಕೇಳಲು ಈಗಲೂ ಅದೇ ವಾಕ್ಯ: "ಗೌರವಾನ್ವಿತರೇ, ಗಂಟೆ ಎಷ್ಟಾಯಿತೆಂದು ತಮ್ಮಲ್ಲಿ ಬಿನ್ನವಿಸಬಹುದೇ?" ಹದಿನೆಂಟನೆಯ ವಯಸ್ಸಿನಲ್ಲಿ ನೀನು ಕಲಿಸಿದ ಇಂಗ್ಲಿಷಿನಲ್ಲೇ ಅಸುನ್ಸಿಯೋನ್‌ನ ಕಾಲೇಜಿನಲ್ಲಿ ನಾನು ಹಾಗೇ ಕೇಳಿದೆ. ಕೋಣೆಯಿಡೀ ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಒಂದು ವರ್ಷ ನಾನು ಇಂಗ್ಲಿಷಿನಲ್ಲಿ ತುಟಿ ಬಿಚ್ಚಲಿಲ್ಲ. ಇದನ್ನು ನಿನಗೆ ಹೇಳಲು ನನಗೆ ಎಂದೂ ಧೈರ್ಯ ಬಂದಿರಲಿಲ್ಲ.

ಊಟದ ಗಂಟೆ ಹೊಡೆಯುತ್ತಿದೆ. ಅಮ್ಮನ ಫೋಟೋಗೆ ಹೂವಿಡು, ಪಕ್ಕದ ಮನೆಯ ನಿಕಾಸಿಯಾಳಿಗೆ ನನ್ನ ನೆನಪು ಹೇಳು.

ಕೈಜೋಡಿಸಿ ನಿನ್ನ ಆಶೀರ್ವಾದ ಬೇಡುವ,
ಕ್ರಿಸ್ಪಿನಾ

ತಾ.ಕ.: ಊಟವಾದ ಮೇಲೆ ಬೇಡವೆಂದು ಬರೆದು ಸಹಿ ಹಾಕಿದೆ. ನಿನ್ನ ಪುಸ್ತಕ ಬಿತ್ತು. ನಿನ್ನ ಮಗಳೆಂದು ಯಾರಿಗೂ ಹೇಳಲಿಲ್ಲ. ಭಾನುವಾರ ಬರುತ್ತೇನೆ. ನನ್ನನ್ನು ಬೈದುಬಿಡು, ಮುಖ ತಿರುಗಿಸು, ಆದರೆ ತೆರೆರೆಯ ಬಟ್ಟಲನ್ನು ನನ್ನ ಕಡೆಗೂ ಚಾಚು. ಎಷ್ಟು ಸುತ್ತಾದರೂ ನಾನು ಥ್ಯಾಂಕ್ಸ್ ಅನ್ನುವುದಿಲ್ಲ.