ಬಾನೆಟ್ಟಿನ ಮ್ಯಾಲಿನ ವಿಭೂತಿ

ಅವ್ವ,

ಕಾರಿನ ಪಾಲಿಶ್ ಅರ್ಧಕ್ಕ ನಿಂತೈತಿ, ಅದಕ್ಕ ಕಣೇಕಲ್ಲಿಗೆ ಬಸ್ಸಿನಾಗ ಹೊಂಟೀನಿ. ತಿಕ್ಕಿ ತಿಕ್ಕಿ ರಟ್ಟಿ ಬಿದ್ದುಹೋಗ್ಯಾವ, ಇನ್ನೂ ಎರಡು ಬಾಗಿಲು ಉಳದಾವ.

ಬೆಕ್ಕು ಬಾನೆಟ್ ಹತ್ತದಂಗ ನೋಡಿಕೋ. ಧೂಳು ಕುಂತರ ನೀರು ಸುರುವು, ವರಸಬ್ಯಾಡ.

ಸೋಮವಾರ ನಿನ್ನ ಮ್ಯಾಲ ಕೂಗಾಡಿದೆ. ಕರೇ ಕಾರಿಗೆ ವಾರವಾರ ವಿಭೂತಿ ಬಳದು, ಸೆರಗಿಲೆ ತಿಕ್ಕಿ, ಮೈತುಂಬ ಸುಳಿಸುಳಿ ಗೀರು ಎಬ್ಬಿಸಿದಿ ಅಂದೆ. ಆವತ್ತಿಂದ ನೀ ತಾಟು ಮುಂದಿಟ್ಟು ಮಾತಿಲ್ಲದ ಒಳಗ ಹೋಗ್ತಿ. ನಿನ್ನೆ ನಿನ್ನ ದನಿ ನಾನ ತಗದು, "ಇನ್ನೊಂದು ರೊಟ್ಟಿ ಹಾಕ್ಲೇನೋ ವಾಗೀಶ?" ಅಂತ ಕೇಳಿಕೊಂಡು, "ಹಾಕಬೇ" ಅಂತ ನಾನ ಹಾಕ್ಕೊಂಡು ತಿಂದೆ. ರುಚಿ ಹತ್ತಲಿಲ್ಲ.

ಆಮ್ಯಾಲ ಕಾರಿನ ಮ್ಯಾಲ ಬ್ಯಾಟರಿ ಬೆಳಕು ಬಿಟ್ಟು ನೋಡಿದರ ಹಿಂದಿನ ಬಾಗಿಲ ಮ್ಯಾಲೂ ಅವೇ ಸುಳಿ. ಅಲ್ಲಿ ನೀ ಎಂದೂ ವಿಭೂತಿ ಹಚ್ಚಿಲ್ಲ. ದಿನಾ ಮುಂಜಾನೆ ಧೂಳಿನ ಮ್ಯಾಲೆ ಒಣ ಬಟ್ಟಿ ಎಳದಾವ ನಾನ. ಬೂದಿ ನಿಂದು, ಬುದ್ಧಿಗೇಡಿತನ ನಂದು.

ಸಂಜಿಗೆ ಬರ್ತೀನಿ. ಬಾಗಿಲು ತಗದಕೂಡಲೆ ಬಾಯಿತುಂಬ ಬೈದುಬಿಡು ಯವ್ವಾ, ಸುಮ್ಮನ ಮಾತ್ರ ಇರಬ್ಯಾಡ.

ವಾಗೀಶ