ಬಂಡಿಮನೆಗೆ ಬೀಗ ಹಾಕಿದ ಬಗ್ಗೆ

ಬೆಟಗೇರಿ, ಗದಗ
ಇಸವಿ ೨೧೮೭, ಕಡುಮಾಸದ ಮೂರನೆಯ ದಿನ

ನೂರ ಅರವತ್ತು ವರ್ಷ ಹಿಂದಿನ ಶಾಲೆಗಳ ಗುರುಗಳಿಗೆ, ನೀಲಗಂಗಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಮೇ ಮುಗಿದರೂ ಬಿಸಿಲು ಮುಗಿಯದ್ದರಿಂದ ನಮ್ಮ ಹಿರಿಯರು ನಡುವೆ ಒಂದು ತಿಂಗಳನ್ನೇ ತುರುಕಿ, ಕಡುಮಾಸ ಎಂದು ಹೆಸರಿಟ್ಟರು. ಇಂಥ ಮಾತುಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ. ನಿವೃತ್ತರಾಗುವವರಿಗೆಲ್ಲ ನಮ್ಮಲ್ಲಿ ಒಂದು ಹಿಂದಂಚೆ ಸಿಗುತ್ತದೆ, ಅಂದರೆ ನಾವು ಹುಟ್ಟುವುದಕ್ಕೂ ಮುಂಚಿನವರಿಗೆ ಬರೆಯಬಹುದಾದ ಒಂದೇ ಒಂದು ಕಾಗದ. ಹೋದ ವರ್ಷದ ನನಗೇ ಬರೆದುಕೊಳ್ಳುವ ಹಾಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ.

ನಾನು ಇಲ್ಲಿನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಕಡಲು ಏರಿ ಕರಾವಳಿಯ ಊರುಗಳು ಖಾಲಿಯಾದ ಮೇಲೆ ಸಾವಿರಾರು ಕುಟುಂಬಗಳು ನೆಲೆಯಿಲ್ಲದೆ ತಿರುಗುತ್ತಿವೆ. ಹಾಗಾಗಿ ನಮ್ಮ ಅರ್ಜಿಯಲ್ಲಿ ವಿಳಾಸ ಕೇಳುವುದೇ ಇಲ್ಲ. ಅದರ ಬದಲು ‘ತಂಗು’ ಎಂದಿದೆ, ಮಗು ಹಿಂದಿನ ರಾತ್ರಿ ಮಲಗಿದ್ದ ಜಾಗ, ಅದು ಯಾವುದೇ ಆಗಿರಲಿ. ತಂಗು ದಿನಕ್ಕೊಂದಾದರೂ ಶಾಲೆ ಬದಲಾಗಬಾರದು. ಕಾಗದಪತ್ರ ಏನೂ ಇಲ್ಲದಿದ್ದರೂ ಬಂದ ದಿನವೇ ಸೇರಿಸಿಕೊಳ್ಳಬೇಕು. ಶಾಲೆಯ ಬಂಡಿ ತಂಗಿನ ತನಕ ಹೋಗಿ ಮಗುವನ್ನು ಕರೆತರಬೇಕು. ಬೆಳಗಿನ ರೊಟ್ಟಿ, ಸ್ನಾನದ ನೀರು, ಒಗೆದ ಬಟ್ಟೆ ಎಲ್ಲ ಶಾಲೆಯದೇ. ಬಾಡಿಗೆ ಕರಾರು ತಾ, ಕರೆಂಟ್ ಬಿಲ್ಲು ತಾ ಎಂದು ನಿಮ್ಮ ಕಾಲದಲ್ಲಿ ಕೆಲವರು ಮಕ್ಕಳನ್ನು ಬಾಗಿಲಿಂದಲೇ ಕಳಿಸುತ್ತಿದ್ದರಂತೆ ಎಂಬ ಪಾಠವನ್ನು ನಾನು ಪ್ರತಿವರ್ಷ ನಗುತ್ತ ಮಾಡುತ್ತಿದ್ದೆ. ನಮ್ಮ ಕಾನೂನು ಕೊಡದೆ ಬಿಟ್ಟದ್ದು ಒಂದೇ, ತಲೆಯ ಮೇಲೊಂದು ಸೂರು. ಅದು ಬೇರೆ ಇಲಾಖೆಯ ಕೆಲಸ, ಅಲ್ಲಿ ಸರದಿ ಬರಲು ಆರು ವರ್ಷ ಬೇಕು.

ನಮ್ಮಲ್ಲಿ ‘ದಾರಿಪಾಠ’ ಎಂಬ ಪದ್ಧತಿಯಿದೆ. ಹಾಜರಿ ಕರೆದಾಗ ಮಗು ‘ಬಂದೆ’ ಎಂದು ಕುಳಿತರೆ ಸಾಲದು, ಆ ಬೆಳಿಗ್ಗೆ ಯಾವ ದಾರಿಯಲ್ಲಿ ಬಂದೆ, ಏನೇನು ಕಂಡೆ ಎಂದು ಎದ್ದು ನಿಂತು ಹೇಳಬೇಕು. ಬಂಡಿ ಓಡಿಸುವವರಿಗೆ ಗುರುತು ಸಿಗಲಿ ಎಂದು ಮೊದಲಾದದ್ದು ಬರಬರುತ್ತ ಭಾಷೆಯ ಪಾಠವಾಯಿತು, ಆಮೇಲೆ ಶಾಲೆಯ ಹೆಮ್ಮೆಯಾಯಿತು. ಚೆನ್ನಾಗಿ ಹೇಳಿದವರಿಗೆ ಚಪ್ಪಾಳೆ. ಬೇರೆ ಊರಿನ ಗುರುಗಳು ನೋಡಲು ಬರುತ್ತಿದ್ದರು, ನಾನು ಉಬ್ಬಿಹೋಗುತ್ತಿದ್ದೆ. ತಂಗಿನ ವಿಷಯವನ್ನು ಬಾಗಿಲು ಹಾಕಿಕೊಂಡು, ಮಗುವನ್ನು ಮಾತ್ರ ಕೂರಿಸಿಕೊಂಡು ಕೇಳಬೇಕೆಂದು ಕಾನೂನು ಹೇಳುತ್ತದೆ. ದಿನಾ ನಲವತ್ತು ಮಕ್ಕಳ ಎದುರು ನಾನು ಕೇಳುತ್ತಿದ್ದದ್ದೂ ಅದನ್ನೇ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಸುಗಂಧಿ ಹರಿಕಂತ್ರ ಕಡಲ ಕಡೆಯ ಹುಡುಗಿ, ವಯಸ್ಸು ಹನ್ನೊಂದು. ತಾಯಿಯೊಬ್ಬಳೇ ದಿಕ್ಕು. ನಮ್ಮಲ್ಲಿಗೆ ಬರುವ ಮೊದಲು ಆರು ಶಾಲೆ ಬಿಟ್ಟಿದ್ದಳು. ಭಾಗಾಕಾರ ಕೈಹತ್ತಿದ್ದು ಇಲ್ಲಿಯೇ. ಸಂಬಂಧಿಕರ ಮನೆ ಹತ್ತಿರದಲ್ಲೇ ಇದೆ, ಬಂಡಿ ಬೇಡ, ನಡೆದು ಬರುತ್ತೇನೆ ಎಂದಾಗ ನಂಬಿ ಸಹಿ ಹಾಕಿದೆ. ದಾರಿಪಾಠದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನೀಲಿ ಗೇಟು, ಗೇಟಿಗೆ ಒರಗಿ ಮೈ ತುರಿಸಿಕೊಳ್ಳುವ ಎಮ್ಮೆ, ಅಂಗಳ ಗುಡಿಸುತ್ತ ಬೈಯುವ ಮುದುಕಿ. ನನಗಂತೂ ಆ ಮುದುಕಿಯನ್ನು ಒಮ್ಮೆ ನೋಡಬೇಕೆನಿಸಿತ್ತು.

ಒಂದು ದಿನ ತಪಾಸಣೆಯವರು ಬಂದಿದ್ದರು. ಸುಗಂಧಿ ಎದ್ದು, ಕೆರೆಯ ಬ್ರಿಜ್ ದಾಟಿ ಬಂದೆ ಎಂದಳು. ಅತಿಥಿಗಳ ಮುಂದೆ ನನ್ನ ಜಾಣತನ ತೋರಿಸುವ ಚಪಲ ತಡೆಯಲಾಗಲಿಲ್ಲ. “ಆ ಬ್ರಿಜ್ ಬಂದ್ ಆಗಿ ಎಂಟು ದಿನಾ ಆತಲ್ಲ? ಖರೇ ಹೇಳು, ಎಲ್ಲಿಂದ ಬಂದಿ?” ಎಂದೆ. ಮಕ್ಕಳು ನಕ್ಕರು. ಅವಳು ಬೆಂಚಿನ ಅಂಚು ಹಿಡಿದಳು. ನಾನು ಮತ್ತೆ ಕೇಳಿದೆ.

“ಎಲ್ಲಿಂದ್ಲೂ ಬರ್ಲಿಲ್ಲ ಅಕ್ಕೋರೆ. ಇಲ್ಲೇ ಇದ್ದೆ. ನಾನೂ ಆಯಿನೂ ಬಂಡಿಮನೇಲೇ ಇರೂದು.”

ಬಂಡಿಮನೆ ಎಂದರೆ ಶಾಲೆಯ ಹಿಂದೆ ಬಂಡಿ ನಿಲ್ಲಿಸುವ ತಗಡಿನ ಶೆಡ್ಡು. ಸಂಬಂಧಿಕರು ಹೊರಗೆ ಹಾಕಿದ ಮೇಲೆ ಎರಡು ತಿಂಗಳಿಂದ ತಾಯಿಮಗಳು ಅಲ್ಲಿದ್ದರು. ಬೆಳಗಾಗುವ ಮೊದಲೇ ಹೊರಗೆ ಹೋಗಿ, ಗೇಟು ತೆರೆದ ಮೇಲೆ ಅವಳು ಎಲ್ಲರ ಜೊತೆ ಒಳಗೆ ಬರುತ್ತಿದ್ದಳು. ಎಮ್ಮೆ, ಮುದುಕಿ ಎಲ್ಲ ನನ್ನ ಚಪ್ಪಾಳೆಗಾಗಿ ಹುಟ್ಟಿಸಿದ್ದು.

ಸರಕಾರಿ ಶೆಡ್ಡಿನಲ್ಲಿ ಯಾರೂ ವಾಸಿಸಕೂಡದು ಎಂದು ತಪಾಸಣೆಯವರು ಷರಾ ಬರೆದರು. ‘ತಂಗು: ಬಂಡಿಮನೆ’ ಎಂದು ನಾನು ಒಂದು ಸಾಲು ಬರೆದು ಸಹಿ ಹಾಕಿದ್ದರೆ ಸರದಿ ಬರುವ ತನಕ ಅವರನ್ನು ಯಾರೂ ಅಲ್ಲಾಡಿಸುವಂತಿರಲಿಲ್ಲ. ಬರೆದಿಟ್ಟ ತಂಗಿನಿಂದ ಮಗುವನ್ನು ಎಬ್ಬಿಸಕೂಡದು ಎಂಬ ಕಾನೂನು ನನಗೆ ಬಾಯಿಪಾಠವಿತ್ತು. ಆದರೂ ಶಾಲೆಯ ಹೆಸರು ಕೆಟ್ಟೀತು ಎಂದು ಹೆದರಿ, ಊಟದ ಬಿಡುವಿನಲ್ಲಿ ಹೋಗಿ ನನ್ನ ಕೈಯಾರೆ ಬೀಗ ಹಾಕಿದೆ. ಮರುದಿನದಿಂದ ಸುಗಂಧಿ ಬರಲಿಲ್ಲ. ಬಂಡಿ ಗದಗ, ಹುಬ್ಬಳ್ಳಿ, ಕೊಪ್ಪಳ ಎಲ್ಲ ಸುತ್ತಿತು. ಎಲ್ಲಿಯೂ ಸಿಗಲಿಲ್ಲ. ಇದು ಅವಳ ಏಳನೆಯ ಶಾಲೆಯಾಗಿತ್ತು, ಎಂಟನೆಯದೊಂದು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಬಾರದ ಮಗುವಿನ ಜಾಗವನ್ನು ನಾವು ಒಂದು ವರ್ಷ ಖಾಲಿ ಇಡುತ್ತೇವೆ. ನಾಳೆಗೆ ವರ್ಷ ತುಂಬುತ್ತದೆ, ಹೆಸರು ತೆಗೆಯುವ ಹಾಳೆ ಮೇಜಿನ ಮೇಲಿದೆ. ಕಾರಣ ಎಂಬಲ್ಲಿ ಎಲ್ಲರೂ ‘ಊರು ಬಿಟ್ಟರು’ ಎಂದು ಬರೆಯುತ್ತಾರೆ. ನಾನು ‘ಮುಖ್ಯೋಪಾಧ್ಯಾಯಿನಿ ಹೊರಗೆ ಹಾಕಿದರು’ ಎಂದು ಬರೆದಿದ್ದೇನೆ.

ನಿಮ್ಮ ತರಗತಿಯಲ್ಲೂ ಸೂರಿಲ್ಲದ ಮಗು ಇದ್ದೀತು. ಎಲ್ಲಿಂದ ಬಂದೆ ಎಂದು ಎಲ್ಲರೆದುರು ಕೇಳಬೇಡಿ. ಅದು ಹೇಳಿದ ಸುಳ್ಳನ್ನು ಹಿಡಿದು ಗೆಲ್ಲಬೇಡಿ. ಯಾವ ಬಾಗಿಲಿಗಾದರೂ ಬೀಗ ಹಾಕುವ ಮೊದಲು ಒಳಗೆ ಯಾರದಾದರೂ ಹಾಸಿಗೆ ಇದೆಯೇ ಎಂದು ಒಮ್ಮೆ ನೋಡಿ ಎಂದು ಬರೆಯಹೊರಟಿದ್ದೆ. ಆದರೆ ನೋಡಿದರೆ ಸಾಲದು. ಮಡಿಚಿಟ್ಟ ಕಂಬಳಿಯ ಮೇಲೆ ಅವಳ ಭಾಗಾಕಾರದ ಪುಸ್ತಕವಿತ್ತು. ನಾನು ಅದನ್ನು ನೋಡಿಯೇ ಬೀಗ ಹಾಕಿದೆ.

ನಿಮಗೆ ಮುಖ ತೋರಿಸಬೇಕಾಗಿಲ್ಲವೆಂಬ ಧೈರ್ಯದಿಂದ ಬರೆದವಳು,
ನೀಲಗಂಗಾ ಹೊಂಬಳ